ಒಂದು ತಪ್ಪಿಗೆ ಹತ್ತು ನಿಮಿಷ

ರಸ್ತೆ ದಾಟುತ್ತಿದ್ದ ಸೊಪ್ಪು ಮಾರುವ ಅಕ್ಕಯ್ಯಮ್ಮನ ಬೆನ್ನಿಗೇ ಬೈಕು ತಂದು, ಹಾರ್ನ್ ಬಾರಿಸಿ, "ಬೇಗ ನಡಿಯೇ ಮುದುಕಿ" ಅಂದಿದ್ದಕ್ಕೆ ಫುಟ್ಬಾಲ್ ಸ್ಟ್ರೈಕರ್ ಸಗಾಯರಾಜನಿಗೆ ಕ್ಲಬ್ಬಿನ ಮಾಮೂಲಿ ಶಿಕ್ಷೆಯೇ ಆಯಿತು. ಮುಂದಿನ ಪಂದ್ಯದಲ್ಲಿ ತಪ್ಪೊಂದಕ್ಕೆ ಹತ್ತು ನಿಮಿಷ ಅವನ ಮೈ ಅವಳಿಗೆ, ಅವಳ ಮೈ ಅವನಿಗೆ.

ರೆಫರಿ ಸೀಟಿ ಊದಿದ್ದೇ ತಡ, ಸಗಾಯ ಗ್ಯಾಲರಿಯಲ್ಲಿ ಅಕ್ಕಯ್ಯಮ್ಮನಾಗಿ ಕೂತಿದ್ದ. ಬಾಯಲ್ಲಿ ಎಲೆಯಡಿಕೆ. ಎರಡೂ ಮಂಡಿ ಸೂಜಿ ಚುಚ್ಚಿದಂತೆ ನೋಯುತ್ತಿದ್ದವು. ಕೆಳಗೆ ಅವನ ಒಂಬತ್ತನೇ ನಂಬರಿನ ಮೈ ಚೆಂಡಿನ ಕಡೆ ತಿರುಗಿಯೂ ನೋಡದೆ, ಇಲ್ಲದ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಮೈದಾನ ಸುತ್ತುತ್ತಿತ್ತು.

"ಅಜ್ಜೀ, ಬಾಲು! ಬಾಲು ಈ ಕಡೆ!" ಎಂದು ಕೋಚ್ ಬಾಯಿ ಬಡಿದುಕೊಂಡರು.

"ಇರಪ್ಪಾ, ಇನ್ನೊಂದ್ ಸುತ್ತು! ಮಂಡಿ ನೋವೇ ಇಲ್ಲ ಕಣಪ್ಪಾ!"

ಎದುರು ತಂಡದವರೂ ಆಟ ಬಿಟ್ಟು ಕೇಕೆ ಹಾಕುತ್ತ ಅವಳ ಹಿಂದೆ ಓಡಿದರು.

ಹತ್ತನೇ ನಿಮಿಷಕ್ಕೆ ರೆಫರಿ ಸೀಟಿ ಬಾಯಿಗಿಟ್ಟ. ಸಗಾಯ ಮಂಡಿ ಹಿಡಿದುಕೊಂಡು ಮುಲುಗುತ್ತ ಎದ್ದು ನಿಂತ.

"ಸಾರ್, ಊದ್ಬೇಡಿ! ಅವತ್ತು ಅಜ್ಜಿ ಬುಟ್ಟಿಯಿಂದ ಒಂದ್ ಕಟ್ಟು ಕೊತ್ತಂಬರಿನೂ ಎಗರಿಸಿದ್ದೆ!"

ಅವತ್ತು ಆ ಬುಟ್ಟಿಯಲ್ಲಿದ್ದದ್ದು ಬರೀ ದಂಟಿನ ಸೊಪ್ಪು.

"ಒಂದಲ್ಲ ಸ್ವಾಮಿ, ಎರಡು ಕಟ್ಟು!" ಎಂದು ಮೈದಾನದ ಆ ತುದಿಯಿಂದ ಕೂಗಿದ ಅಕ್ಕಯ್ಯಮ್ಮ ಮತ್ತೆ ಓಟ ಕಿತ್ತಳು.