ಹೆಸರಿಗಷ್ಟೇ ಮಾಲೀಕಳು

"ಯಾರರೆ ಹೆದರಿಸ್ಯಾರೇನ್ರಿ ನಿಮ್ಮನ್ನ?" ತೆರಿಗೆ ವಕೀಲೆ ಶ್ರದ್ಧಾ ದನಿ ತಗ್ಗಿಸಿ ಕೇಳಿದಳು.

"ಇಲ್ರಿ," ಎಂದಳು ಭುವನಾ. ಮುಖದಲ್ಲಿ ಏನೂ ಕಾಣಲಿಲ್ಲ.

ಗಂಡ ಚೇತನಕುಮಾರ ತೀರಿಕೊಂಡ ಮೇಲೆ ಅವಳಿಗೆ ಅಳುವೂ ಬಂದಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಅವನು ಬ್ಯಾಡಗಿಯಲ್ಲಿ ಕಟ್ಟಿ ಬೆಳೆಸಿದ್ದ ಮೆಣಸಿನಕಾಯಿ ಅಂಗಡಿಯನ್ನು ಅವನ ಅಣ್ಣ, ಭಾವ ವಿಜಯಮಹಾಂತೇಶ ಅವಳ ಹೆಸರಿಗೆ ಮಾಡಿಸಿದಾಗ, ತೋರಿಸಿದಲ್ಲೆಲ್ಲ ಸಹಿ ಹಾಕಿದ್ದಳು.

"ಹೆಸರಿಗಷ್ಟ ನಿಂದು. ನೀ ಅಂಗಡಿ ಕಡೆ ಬರೂದು ಬ್ಯಾಡ," ಎಂದಿದ್ದ ಭಾವ. ಅವನು ಮನೆಖರ್ಚಿಗೆ ಕೊಟ್ಟಷ್ಟನ್ನು ತೆಗೆದುಕೊಂಡು ಅವಳು ಸುಮ್ಮನಿದ್ದಳು.

ಜಿಎಸ್‌ಟಿ ಬಾಕಿಯ ನೋಟಿಸು ಬಂದಾಗ ಅದೇ ಭಾವ ಕೈ ಕೊಡವಿ ನಿಂತ. "ಅಂಗಡಿ ನಿಂದು, ಕಟ್ಟೂದೂ ನಿಂದ. ವಕೀಲನ್ನೂ ನೀನ ಹುಡಿಕ್ಕೋ."

ಮೊದಲು ಹಾವೇರಿಗೆ ಹೋದಳು. ಅಲ್ಲಿಯ ವಕೀಲರು ಒಂದೇ ಮಾತಿನಲ್ಲಿ ದಾರಿ ತೋರಿಸಿದರು: "ವ್ಯಾಪಾರೆಲ್ಲಾ ಭಾವಾಂದು, ನನಗೇನೂ ಗೊತ್ತಿಲ್ಲ ಅಂತ ಬರದು ಕೊಡ್ರಿ. ಪಾರಾಗ್ತೀರಿ." ಅವಳು ನಮಸ್ಕಾರ ಮಾಡಿ ಎದ್ದು, ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ಈಗ ಇಲ್ಲಿ ಶ್ರದ್ಧಾ ಹೇಳಿದ್ದೂ ಅದನ್ನೇ.

"ಭಾವಾರ ಹೆಸರು ಎಲ್ಲೂ ಬರಬಾರದ್ರಿ," ಎಂದಳು ಭುವನಾ. "ವ್ಯಾಪಾರ ನಂದು, ತಪ್ಪೂ ನಂದು. ಹಂಗ ಬರೀರಿ."

"ದಂಡಾನೂ ನಿಮ್ಮ ಮ್ಯಾಲೇ ಬೀಳ್ತದ."

"ಬೀಳ್ಲಿ. ತವರಿನ ಬಂಗಾರ ಐತಿ."

ಶ್ರದ್ಧಾಳಿಗೆ ಮೈ ಉರಿಯಿತು. "ನಿಮ್ಮ ಭಾವಾ ಅಧಿಕಾರಿಗಳ ಮುಂದ ಏನು ಹೇಳಿಕೆ ಕೊಟ್ಟಾನ ಗೊತ್ತದ ಏನು? ತಾನು ಆ ಅಂಗಡ್ಯಾಗ ಪಗಾರಕ್ಕಿರೋ ಗುಮಾಸ್ತ ಅಂತ! ಅಂಥಾವನ್ನ ಉಳಸಾಕ ಹೊಂಟೀರಿ?"

"ಗೊತ್ತೈತ್ರಿ," ಎಂದಳು ಭುವನಾ. "ನಿಮ್ಮ ಫೀ ಎಷ್ಟು?"

ಇಂಥ ಹೆಂಗಸರನ್ನು ಶ್ರದ್ಧಾ ಕಂಡಿದ್ದಳು. ನಿಟ್ಟುಸಿರು ಬಿಟ್ಟು ವಕಾಲತ್ತು ವಹಿಸಿಕೊಂಡಳು. ದಂಡವನ್ನು ಆದಷ್ಟು ಇಳಿಸಿದಳು. ಬಂಗಾರ ಮಾರಿ ಬಂದ ಹಣ ಕಟ್ಟಿದ ಮೇಲೆ ಪ್ರಕರಣ ಮುಗಿಯಿತು. ಖಾಲಿ ಕೈಗಳನ್ನು ನೋಡಿಕೊಂಡಾಗಲೂ ಭುವನಾಳಿಗೆ ಏನೂ ಅನಿಸಲಿಲ್ಲ.

ಆ ಸಂಜೆ ಭಾವ ಪೇಢೆಯ ಡಬ್ಬಿ ಹಿಡಿದು ಮನೆಗೆ ಬಂದ.

"ಮನೀ ಮಾನಾ ಉಳಿಸಿದಿ ಯವ್ವಾ. ನನ್ನ ಹೆಸರು ಎಲ್ಲೂ ಬರಲಿಲ್ಲ ನೋಡು!"

"ಎಲ್ಲೂ ಬರೂದಿಲ್ರಿ," ಎಂದು ಅವಳು ಚಹಾ ಕೊಟ್ಟಳು.

ಮರುದಿನ ಮುಂಜಾನೆ ಅವನು ಅಂಗಡಿಗೆ ಬಂದಾಗ ಮಾಲೀಕರು ಕೂರುವ ಗಾದಿಯ ಮೇಲೆ ಭುವನಾ ಕುಳಿತಿದ್ದಳು. ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನೋಡುತ್ತಿದ್ದರು. ಅವಳ ದನಿ ಏರಲಿಲ್ಲ.

"ನಿಮ್ಮ ಪಗಾರ ಚುಕ್ತಾ ಮಾಡೇನ್ರಿ ಭಾವಾರ. ನಾಳಿಂದ ಕೆಲಸಕ್ಕ ಬರೂದು ಬ್ಯಾಡ."