ಕೆಂಡಪ್ಪನ ಕೈರುಚಿ

"ಗುಟ್ಟೆಲ್ಲ ಬೆಂಕಿಯಲ್ಲಿದೆ ಮೇಡಂ," ಎಂದ ಗಂಡ, ಇಕ್ಕಳದಿಂದ ಕೆಂಡ ಕೆದಕುತ್ತ. "ಮಸಾಲೆ ಯಾರು ಬೇಕಾದ್ರೂ ಕಲಸ್ತಾರೆ. ಸ್ಟೀಕ್ ಸುಡೋಕೆ ಕೈ ಬೇಕು, ಕೈ!"

ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವನ ಆಫೀಸಿನ ಮ್ಯಾನೇಜರ್ ಮೇಡಂ, "ಅದಕ್ಕೇ ಅಲ್ವಾ ಇಡೀ ಆಫೀಸು ನಿಮ್ಮನ್ನ ಕೆಂಡಪ್ಪ ಅನ್ನೋದು! ಆ ಕೈರುಚಿ ನೋಡೋಣ ಅಂತಲೇ ಬಂದೆ" ಎಂದರು. ಗಂಡ ಉಬ್ಬಿಹೋದ. ತಟ್ಟೆ ಜೋಡಿಸುತ್ತಿದ್ದ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು.

ಯಾರು ಬೇಕಾದರೂ ಕಲಸುತ್ತಾರಂತೆ! ಅವನು ತರುವುದೋ ಅಗ್ಗದ ಗಟ್ಟಿ ಮಾಂಸ. ರಾತ್ರಿಯಿಡೀ ನೆನೆಯದಿದ್ದರೆ ಚಪ್ಪಲಿ ಅಗಿದ ಹಾಗೆ. ಅತಿಥಿಗಳು ಬರುವ ಹಿಂದಿನ ಸಂಜೆಯೇ ಅವಳು ಬೆಳ್ಳುಳ್ಳಿ ಸುಲಿದು ಜಜ್ಜಬೇಕು, ಕಾಳುಮೆಣಸು ತರಿತರಿಯಾಗಿ ಕುಟ್ಟಬೇಕು. ಉಪ್ಪು, ಎಣ್ಣೆ, ಸೋಯಾ ಸಾಸು, ಚಿಟಿಕೆ ಸಕ್ಕರೆ ಸೇರಿಸಿ, ವಿನೆಗರನ್ನು ಮಾತ್ರ ಅಳೆದು ಹಾಕಬೇಕು. ಅದೊಂದು ಹೆಚ್ಚಾದರೆ ಮಾಂಸ ಬೆಳಗಾಗುವಷ್ಟರಲ್ಲಿ ಹಿಟ್ಟು ಹಿಟ್ಟು. ತುಂಡುಗಳನ್ನು ಫೋರ್ಕಿನಿಂದ ಚುಚ್ಚಿ, ಮಸಾಲೆ ತಿಕ್ಕಿ, ಮಲಗುವ ಮುನ್ನ ಒಮ್ಮೆ ಮಗುಚಿ ಹಾಕಬೇಕು. ಎಷ್ಟು ಸೋಪು ಹಾಕಿ ಉಜ್ಜಿದರೂ ಬೆರಳುಗಳ ಬೆಳ್ಳುಳ್ಳಿ ವಾಸನೆ ಬಿಡುತ್ತಿರಲಿಲ್ಲ. ಅವಳು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ, ಮೂಗಿನ ಮೇಲೆ ಕನ್ನಡಕ ಕೂರಿಸಲು ಹೋದರೆ ಗಿರಾಕಿಗಳು ಮುಖ ಹಿಂದಕ್ಕೆಳೆದುಕೊಳ್ಳುತ್ತಿದ್ದರು.

ಇವನೋ, ಸ್ವಲ್ಪ ಹೊತ್ತು ಹೊಗೆಯಲ್ಲಿ ನಿಂತು ಹೊಗಳಿಕೆಯನ್ನೆಲ್ಲ ಬಾಚಿಕೊಳ್ಳುತ್ತಿದ್ದ. ಕಳೆದ ಸಲ ಅತಿಥಿಯೊಬ್ಬರು ಮಸಾಲೆಗೆ ಏನೇನು ಹಾಕುತ್ತೀರಿ ಎಂದು ಅವಳನ್ನು ಕೇಳಿದಾಗ, "ಅವಳಿಗೇನು ಗೊತ್ತು? ಅವಳದ್ದೇನಿದ್ರೂ ಪಾತ್ರೆ ತೊಳೆಯೋ ಡಿಪಾರ್ಟ್‌ಮೆಂಟು" ಎಂದು ಎಲ್ಲರನ್ನೂ ನಗಿಸಿದ್ದ. ಆಮೇಲೆ ಪಾತ್ರೆಗಳನ್ನೂ ಅವಳೇ ತೊಳೆದಿದ್ದಳು.

ಅದಕ್ಕೇ ನಿನ್ನೆ ಸಂಜೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ರೀ, ಮಾಂಸ ಫ್ರಿಜ್ಜಲ್ಲಿ ಡಬ್ಬೀಲಿದೆ. ಈ ಸಲ ಮಸಾಲೆ ನೀವೇ ಹಾಕ್ಕೊಳ್ಳಿ. ನಾನು ಕೈ ಹಾಕಲ್ಲ."

"ಹೂಂ, ಹೂಂ" ಎಂದಿದ್ದ, ಫೋನಿನಿಂದ ತಲೆ ಎತ್ತದೆ. ಅವಳು ಮತ್ತೊಮ್ಮೆ ಹೇಳಿದಳು. ಮತ್ತೊಂದು "ಹೂಂ" ಬಂತು. ಆಮೇಲೆ ಅವಳು ಆ ಡಬ್ಬಿಯನ್ನು ಮುಟ್ಟಲಿಲ್ಲ.

ಈಗ ಅವನು ಡಬ್ಬಿಯ ಮುಚ್ಚಳ ತೆಗೆದು, ಮೇಡಂ ಜೊತೆ ಹರಟುತ್ತಲೇ ತುಂಡುಗಳನ್ನು ಒಂದೊಂದಾಗಿ ಕೆಂಡದ ಮೇಲಿಟ್ಟ. ಬರೀ ಕೆಂಪು ಮಾಂಸ. ಮೆಣಸಿನ ಒಂದು ಚೂರೂ ಅಂಟಿರಲಿಲ್ಲ. ಅವನು ಗಮನಿಸಲೇ ಇಲ್ಲ. ಇಷ್ಟು ವರ್ಷ ಕಣ್ಣೆದುರು ಇದ್ದದ್ದನ್ನೇ ನೋಡದವನು ಇವತ್ತು ಇಲ್ಲದ್ದನ್ನು ನೋಡುತ್ತಾನೆಯೇ, ಎಂದುಕೊಂಡಳು.

ಮೇಡಂ ಮೊದಲ ತುಂಡನ್ನು ಬಾಯಿಗಿಟ್ಟುಕೊಂಡರು. ಅಗಿದರು. ಅಗಿಯುತ್ತಲೇ ಇದ್ದರು. ಕೊನೆಗೆ ನೀರಿನ ಲೋಟಕ್ಕೆ ಕೈ ಚಾಚಿ, "ಸ್ವಲ್ಪ... ಉಪ್ಪು ಸಿಗುತ್ತಾ?" ಎಂದರು.

ಗಂಡ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡ. ಮುಖ ಹುಳ್ಳಗಾಯಿತು. ಮರುಗಳಿಗೆಯೇ ಸಾವರಿಸಿಕೊಂಡು ನಕ್ಕ.

"ಬೇಜಾರು ಮಾಡ್ಕೋಬೇಡಿ ಮೇಡಂ. ಇವತ್ತು ಮಸಾಲೆ ಇವಳು ಹಾಕಿದ್ದು. ಅದಕ್ಕೇ ಹೀಗಾಗಿದೆ."

ಇಷ್ಟು ವರ್ಷಗಳಲ್ಲಿ ಮಸಾಲೆ ಅವಳದ್ದು ಎಂದು ಅವನು ಹೇಳಿದ್ದು ಇದೇ ಮೊದಲು. ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ನೇರ ಮೇಡಂ ಬಳಿ ಹೋಗಿ, ಹತ್ತೂ ಬೆರಳುಗಳನ್ನು ಬಿಡಿಸಿ ಅವರ ಮೂಗಿನ ಹತ್ತಿರ ಹಿಡಿದಳು.

"ಮೂಸಿ ನೋಡಿ ಮೇಡಂ. ನಾನು ಮಸಾಲೆ ಹಾಕಿದ್ರೆ ಬೆಳ್ಳುಳ್ಳಿ ನಾತ ಮಾರನೇ ದಿನಾನೂ ಹೋಗಲ್ಲ. ಇದೆಯಾ? ನಾನು ಮುಟ್ಟೇ ಇಲ್ಲ. ಇವತ್ತು ನೀವು ತಿಂದಿದ್ದು ಪೂರ್ತಿ ಇವರದೇ ಕೈರುಚಿ."