ಡೋಲು ಬಾರಿಸುವ ಕರಡಿ

ಆಸ್ಪತ್ರೆಯಲ್ಲಿದ್ದ, ಎರಡು ಕೈಯೂ ಆಡದ ಹುಡುಗಿ ಪುಟ್ಟತಾಯಿಗಾಗಿ ಗೊಂಬೆ ಅಂಗಡಿಯ ಇಮಾಮ್ ಸಾಬರು ಡೋಲು ಬಾರಿಸುವ ಮರದ ಕರಡಿ ಮಾಡಿಕೊಟ್ಟಿದ್ದರು. ಗದ್ದದಿಂದ ಒತ್ತಲೆಂದು ಗುಂಡಿಯನ್ನು ಎತ್ತರದಲ್ಲಿ ಕೂರಿಸಿ, ಚರ್ಮ ತರಚದಂತೆ ಮಖಮಲ್ಲು ಅಂಟಿಸಿದ್ದರು.

ತಿಂಗಳ ಮೇಲೆ ಅವಳ ತಾಯಿ ಕರಡಿಯನ್ನು ಅಂಗಡಿಗೆ ತಂದಳು.

"ಕೆಟ್ಟೋಯ್ತೇನವ್ವ?"

"ಇಲ್ಲ ಸಾಬ್ರೆ. ಗುಂಡೀನ ಎಡಗೈಗೆ ಸಿಗೋ ಹಂಗೆ ಹಾಕ್ಕೊಡಿ."

ಸಾಬರ ಮುಖ ಅರಳಿತು. "ಎಡಗೈ ಬಂತಾ! ನಮ್ ಕರಡಿ ಡಾಕ್ಟ್ರಿಗಿಂತ ಜೋರು ಅಂತ ನಾ ಹೇಳ್ಲಿಲ್ವಾ?"

ನಗುನಗುತ್ತಲೇ ಗುಂಡಿ ಬದಲಿಸಿ, ತಮ್ಮ ಎಡಗೈಯಿಂದಲೇ ಒತ್ತಿ ನೋಡಿದರು. ಕರಡಿ ಡೋಲು ಬಾರಿಸಿತು. ತಾಯಿ ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಸುತ್ತಿದಳು.

"ಪಕ್ಕದ ಹಾಸಿಗೆ ಪಾಪೂಗೆ ಎಡಗೈ ಒಂದೇ ಆಡೋದು ಸಾಬ್ರೆ. ಕರಡೀನ ಆ ಪಾಪೂಗೆ ಕೊಡವ್ವ ಅಂತ ಹೇಳೇ ಪುಟ್ತಾಯಿ ಕಣ್ಮುಚ್ಚಿದ್ಲು."